ಫಸ್ಟ್ ಬೇಸ್‌ನಲ್ಲಿ ಅಂಪೈರ್ ನಿಲ್ಲುವ ಜಾಗ ಯಾವುದು?

[ದೃಶ್ಯ: ಹಾಸನದ ಜಿಲ್ಲಾ ಕ್ರೀಡಾಂಗಣ. ಸುಣ್ಣದ ಗೆರೆ ಎಳೆದ ಬೇಸ್‌ಬಾಲ್ ಅಂಕಣದ ಒಂದು ಮೂಲೆ.]

ನಮಸ್ಕಾರ. ಕ್ರಿಕೆಟ್‌ನಲ್ಲಿ ರನ್‌ಔಟ್ ನೋಡುವ ಅಂಪೈರ್ ಕ್ರೀಸ್‌ನ ನೇರಕ್ಕೆ ಬಂದು ನಿಲ್ಲುವುದನ್ನು ನಾವೆಲ್ಲರೂ ಬಲ್ಲೆವು. ಅಲ್ಲಿಂದ ಬ್ಯಾಟು ಗೆರೆ ದಾಟಿದ್ದೂ ಬೇಲ್ಸ್ ಎದ್ದದ್ದೂ ಒಂದೇ ನೋಟಕ್ಕೆ ಸಿಗುತ್ತವೆ. ಬೇಸ್‌ಬಾಲ್‌ನ ಫಸ್ಟ್ ಬೇಸ್‌ನಲ್ಲಿ, ಅಂದರೆ ಚೆಂಡು ಹೊಡೆದವನು ಓಡಿ ಮೊದಲು ಮುಟ್ಟಬೇಕಾದ ನೆಲೆಯಲ್ಲಿ, ಆ ಅನುಕೂಲವಿಲ್ಲ. ಓಟಗಾರನ ಕಾಲು ಬೇಸ್ ಮುಟ್ಟುವುದು ನೆಲದ ಮಟ್ಟದಲ್ಲಿ, ಚೆಂಡು ಗ್ಲೌಸ್ ಸೇರುವುದು ಹೆಚ್ಚಾಗಿ ಎದೆಯೆತ್ತರದಲ್ಲಿ, ಅದೂ ಫೀಲ್ಡರ್ ಮೈ ಚಾಚಿದಾಗ ಬೇಸ್‌ನಿಂದ ಸಾಕಷ್ಟು ಮುಂದೆ. ಆದ್ದರಿಂದ ಇವೆರಡರಲ್ಲಿ ಯಾವುದು ಮೊದಲು ಎಂದು ತಿಳಿಯಲು ಅಂಪೈರ್ ಕಣ್ಣನ್ನು ಬೇಸ್ ಮೇಲಿಟ್ಟು, ಚೆಂಡು ಗ್ಲೌಸಿಗೆ ಬಡಿಯುವ ಸದ್ದನ್ನು ಕಿವಿಯಿಂದ ಹಿಡಿಯುತ್ತಾರೆ.

[ದೃಶ್ಯ: ಮೇಲಿನಿಂದ ಕಾಣುವ ನಕ್ಷೆ. ಥ್ರೋ ಬರುವ ಗೆರೆ, ಅದಕ್ಕೆ ಅಡ್ಡಲಾಗಿ ಅಂಪೈರ್ ನೋಟದ ಗೆರೆ.]

ಇಬ್ಬರೇ ಅಂಪೈರ್‌ಗಳಿರುವ ಪಂದ್ಯದಲ್ಲಿ, ಬೇಸ್‌ಗಳು ಖಾಲಿಯಿದ್ದರೆ, ಒಬ್ಬರು ಫಸ್ಟ್ ಬೇಸ್‌ಮನ್‌ನ ಹಿಂದೆ, ಅಂಕಣದ ಅಂಚನ್ನು ಗುರುತಿಸುವ ಫೌಲ್ ಗೆರೆಯ ಹೊರಗೆ ನಿಂತಿರುತ್ತಾರೆ. ಚೆಂಡು ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಅಥವಾ ಥರ್ಡ್ ಬೇಸ್ ಕಡೆಗೆ ಉರುಳಿದೊಡನೆ ಗೆರೆಯೊಳಗೆ ಬಂದು, ಥ್ರೋ ಬರುವ ದಾರಿಗೆ ಸುಮಾರು 90 ಡಿಗ್ರಿ ಕೋನದಲ್ಲಿ, ಬೇಸ್‌ನಿಂದ 15ರಿಂದ 18 ಅಡಿ ದೂರದಲ್ಲಿ ನಿಲ್ಲುತ್ತಾರೆ. ಹೊಸಬರು ಇನ್ನಷ್ಟು ಹತ್ತಿರ ಹೋದರೆ ಚೆನ್ನಾಗಿ ಕಾಣುತ್ತದೆಂದು ಭಾವಿಸುವುದು ಸಹಜ. ಆದರೆ ತೀರ ಹತ್ತಿರವಾದರೆ ಕಾಲು, ಬೇಸ್, ಗ್ಲೌಸ್ ಮೂರೂ ಒಂದೇ ಚೌಕಟ್ಟಿನಲ್ಲಿ ಉಳಿಯುವುದಿಲ್ಲ. ಫೀಲ್ಡರ್‌ನ ಪಾದ ಬೇಸ್‌ನಿಂದ ಎದ್ದಿತೇ ಎಂಬುದಂತೂ ತಪ್ಪಿಹೋಗುತ್ತದೆ. ಥ್ರೋ ಫಸ್ಟ್ ಮತ್ತು ಸೆಕೆಂಡ್ ಬೇಸ್ ನಡುವೆ ನಿಲ್ಲುವ ಸೆಕೆಂಡ್ ಬೇಸ್‌ಮನ್ ಕಡೆಯಿಂದ ಬರುವಂತಿದ್ದರೆ ಮಾತ್ರ ಎಚ್ಚರ ಬೇಕು, ಏಕೆಂದರೆ ಅವಸರದಲ್ಲಿ ಒಳಗೆ ನುಗ್ಗಿದವರು ಚೆಂಡಿನ ದಾರಿಗೇ ಅಡ್ಡ ನಿಂತಿರುತ್ತಾರೆ.

ದೂರಕ್ಕಿಂತ ಕೋನ ದೊಡ್ಡದು, ಕೋನದಷ್ಟೇ ದೊಡ್ಡದು ನಿಶ್ಚಲತೆ. ಓಡುತ್ತಿರುವ ಅಂಪೈರ್‌ನ ಕಣ್ಣಿನ ಮುಂದೆ ಬೇಸೂ ಕುಣಿಯುತ್ತಿರುತ್ತದೆ. ಬಯಸಿದ ಜಾಗ ತಲುಪಲು ಎರಡು ಹೆಜ್ಜೆ ಬಾಕಿಯಿದ್ದರೂ ಸರಿ, ಚೆಂಡು ಬರುವ ಮುನ್ನ ನಿಂತುಬಿಡುವುದೇ ಮೇಲು.

[ದೃಶ್ಯ: ಸೆಕೆಂಡ್ ಬೇಸ್. ಓಟಗಾರ ಜಾರಿಕೊಂಡು ಬರುತ್ತಾನೆ.]

ಟ್ಯಾಗ್ ಮಾಡಬೇಕಾದ, ಅಂದರೆ ಚೆಂಡು ಹಿಡಿದ ಗ್ಲೌಸನ್ನು ಓಟಗಾರನ ಮೈಗೆ ತಾಗಿಸಬೇಕಾದ ಸಂದರ್ಭದಲ್ಲಿ ಲೆಕ್ಕ ಬದಲಾಗುತ್ತದೆ. ಇಲ್ಲಿ ಸದ್ದು ಉಪಯೋಗಕ್ಕೆ ಬಾರದು. ಗ್ಲೌಸ್ ಓಟಗಾರನ ಮೈಗೆ ಯಾವಾಗ ಮತ್ತು ಎಲ್ಲಿ ತಗುಲಿತು ಎಂಬುದನ್ನು ಕಣ್ಣೇ ನಿರ್ಧರಿಸಬೇಕು. ಹೀಗಾಗಿ ಅಂಪೈರ್ ಸುಮಾರು 10 ಅಡಿಯಷ್ಟು ಹತ್ತಿರಕ್ಕೆ ಬಂದು, ಗ್ಲೌಸ್ ಮತ್ತು ಓಟಗಾರನ ನಡುವಿನ ಸಂದು ಕಾಣುವ ಕಡೆ ನಿಲ್ಲುತ್ತಾರೆ. ಫೀಲ್ಡರ್‌ನ ಬೆನ್ನು ಆ ಸಂದನ್ನು ಮುಚ್ಚಿದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು. ಟ್ಯಾಗ್ ಆದ ಮೇಲೂ ಚೆಂಡು ಗ್ಲೌಸಿನಲ್ಲೇ ಉಳಿದಿದೆಯೇ ಎಂದು ನೋಡಿಕೊಂಡು, ಅನಂತರವೇ ಔಟ್ ಎಂದು ಕೈ ಎತ್ತಬೇಕು.