ಕೊಟ್ಟಿಗೆಗೆ ಕಾಲಿಡುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಾಲು ಕರೆದು, ಡೇರಿಗೆ ಹಾಕಿ ಬಂದು ಕೂತಿರುತ್ತೀರಿ. ನಿಮ್ಮ ಜೊತೆ ಒಂದೇ ಒಂದು ವಿಷಯ ಮಾತಾಡಬೇಕು.

ಕೊರೊನಾ ಅಂದರೆ ನಮಗೆ 2020 ನೆನಪಾಗುತ್ತದೆ, ಅಲ್ವಾ? ದನಗಳಿಗೂ ಅವುಗಳದ್ದೇ ಒಂದು ಕೊರೊನಾ ಇದೆ. ಅದು ಕೋವಿಡ್ ಅಲ್ಲ, ಗಾಬರಿಯಾಗಬೇಡಿ. 1970ರ ದಶಕದ ಶುರುವಿನಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ, ಭೇದಿಯಾದ ಕರುಗಳಲ್ಲಿ ಇದನ್ನು ಗುರುತಿಸಿದರು. ಎಳೆಗರುಗಳಿಗೆ ಭೇದಿ. ದೊಡ್ಡ ಹಸುಗಳಿಗೆ ಚಳಿಗಾಲದಲ್ಲಿ ಭೇದಿ, ಕೆಲವೊಮ್ಮೆ ರಕ್ತವೂ ಬೀಳುತ್ತದೆ, ಹಾಲು ದಿಢೀರ್ ಇಳಿಯುತ್ತದೆ. ಕೆಲವಕ್ಕೆ ಕೆಮ್ಮು, ಮೂಗಿನಲ್ಲಿ ಸಿಂಬಳ.

ನೆನಪಿಡಿ, ಈ ವೈರಸ್ಸಿಗೆ ಕಾಲಿಲ್ಲ. ನಮ್ಮ ಕಾಲಲ್ಲೇ ಊರೆಲ್ಲ ಓಡಾಡುತ್ತದೆ.

ನಾನು ದನದ ಡಾಕ್ಟರಾಗಿ ಕೆಲಸಕ್ಕೆ ಸೇರಿದ ಹೊಸತು. ಒಂದು ಮನೆಯಲ್ಲಿ ಗೋಣಿಚೀಲದ ಮೇಲೆ ಎಂಟು ದಿನದ ಕರು ಮಲಗಿತ್ತು. ಕಣ್ಣು ಗುಳಿ ಬಿದ್ದಿತ್ತು, ಬಾಲವೆಲ್ಲ ಹಳದಿ ನೀರು. ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟರೆ ಹಾಗೇ ನಿಂತುಬಿಡುತ್ತಿತ್ತು. ಡ್ರಿಪ್ ಹಾಕಿ ಎದ್ದೆ. ಎದುರು ಮನೆಯ ಅಜ್ಜಿ ಕರೆದರು, ಹಸುವಿಗೆ ಕೆಚ್ಚಲು ಬಾವು. ಅದೇ ಬೂಟಿನಲ್ಲಿ ನೇರ ಅವರ ಕೊಟ್ಟಿಗೆಗೆ ನುಗ್ಗಿದೆ. ಪಕ್ಕದಲ್ಲೇ ಐದು ದಿನದ ಕರು, ಅದರ ಹುಲ್ಲಿನ ಮೇಲೇ ನಿಂತು ಸೂಜಿ ಹಾಕಿದೆ. ಅಜ್ಜಿ ಕಾಫಿ ಕೊಟ್ಟರು, ಕುಡಿದು ಬಂದೆ. ಎರಡನೇ ದಿನ ಅಜ್ಜಿಯ ಮೊಮ್ಮಗ ಆಸ್ಪತ್ರೆಗೆ ಓಡಿ ಬಂದ. ಹೋಗಿ ನೋಡಿದರೆ ಅದೇ ಹಳದಿ ಭೇದಿ. ಅಜ್ಜಿ ನನ್ನ ಬೂಟನ್ನೇ ನೋಡುತ್ತಾ, "ಡಾಕ್ಟ್ರೇ, ನೀವು ಬಂದು ಹೋದ ಮೇಲೇ ಹಿಂಗಾಯ್ತು" ಅಂದರು. ಎರಡೂ ಕರುಗಳ ಸಗಣಿ ಪರೀಕ್ಷೆಗೆ ಕಳಿಸಿದೆ. ಎರಡರಲ್ಲೂ ಇದೇ ವೈರಸ್. ಅಜ್ಜಿಯ ಕರು ಉಳಿಯಲಿಲ್ಲ. ಅವತ್ತಿನಿಂದ ನನ್ನ ಗಾಡಿಯಲ್ಲಿ ಬಕೆಟ್ಟು, ಬ್ರಷ್ಷು ಇಲ್ಲದೇ ಹೊರಟಿಲ್ಲ.

ಇದು ಎಷ್ಟು ದೂರ ಹೋಗಬಲ್ಲದು ಗೊತ್ತಾ? ಈ ವೈರಸ್ಸಿನ ಒಳಗೆ ಸುಮಾರು 31,000 ಅಕ್ಷರದ ಒಂದು ಬರಹ ಇದೆ, ಅದೇ ಅದರ ಜೀನೋಮ್. ಮರಿ ಮಾಡುವಾಗೆಲ್ಲ ಅದನ್ನು ನಕಲು ಮಾಡುತ್ತದೆ, ಅಲ್ಲಲ್ಲಿ ತಪ್ಪು ಬರೆಯುತ್ತದೆ. ಆ ತಪ್ಪುಗಳಿಂದಲೇ ಹೊಸ ತಳಿ. ಮನುಷ್ಯರಿಗೆ ಹೆಚ್ಚಾಗಿ ನೆಗಡಿ ತರುವ ಓಸಿ43 ಅನ್ನುವ ಕೊರೊನಾ ಒಂದಿದೆ. ಬೆಲ್ಜಿಯಂನ ಲೂವೆನ್ ವಿಜ್ಞಾನಿಗಳು 2005ರಲ್ಲಿ ಓಸಿ43, ದನದ ಕೊರೊನಾ ಎರಡರ ಬರಹವನ್ನೂ ಹೋಲಿಸಿ ನೋಡಿದರು. ಸುಮಾರು 1890ರ ಹೊತ್ತಿಗೆ ಅದು ದನದಿಂದ ನಮಗೆ ದಾಟಿರಬೇಕು ಅಂದರು. ಕೊಟ್ಟಿಗೆಯಿಂದ ನಮ್ಮ ಮೂಗಿಗೆ!

ಸಮಯ ಆಗ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಸಂತೆಯಿಂದ ತಂದ ದನವನ್ನು ಎರಡು ವಾರ ಬೇರೆ ಕಟ್ಟಿ. ನೋಡೋಕೆ ಗಟ್ಟಿಯಾಗಿದ್ದರೂ ಅದರ ಸಗಣಿಯಲ್ಲಿ ವೈರಸ್ ಇರಬಹುದು. ಕರು ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ಸತ್ತೆ, ಅಂದರೆ ಮಾಸು, ಬೀಳಲಿ ಅಂತ ಸುಮ್ನೆ ಕಾಯುತ್ತೀರಿ, ಎಷ್ಟು ಸಲ ಹೇಳಿದ್ದೇನೆ! ಮೊದಲು ಕರುವಿನ ಹೊಟ್ಟೆ ತುಂಬಲಿ, ಗಿಣ್ಣು ಆಮೇಲೆ ಮಾಡಿಕೊಳ್ಳಿ.

ಇನ್ನು ಬೂಟು. ಸಗಣಿ ಮೆತ್ತಿದ ಬೂಟಿಗೆ ವೈರಸ್ ಕೊಲ್ಲುವ ಔಷಧಿ ಸುರಿದರೆ ಪ್ರಯೋಜನವಿಲ್ಲ. ಮೊದಲು ಬ್ರಷ್ಷಿನಲ್ಲಿ ತಿಕ್ಕಿ ಸಗಣಿ ತೆಗೆಯಿರಿ, ಸೋಪಿನ ನೀರಲ್ಲಿ ತೊಳೆಯಿರಿ, ಆಮೇಲೆ ಔಷಧಿ. ಡಾಕ್ಟರು ಬಂದರೂ ಬಾಗಿಲಲ್ಲೇ ನಿಲ್ಲಿಸಿ, ಬಕೆಟ್ಟು ಕೈಗೆ ಕೊಡಿ. ನಮಸ್ಕಾರ.