ಮೊದಲು ಬಟ್ಟೆ ಹುಡುಕಿ

ನಗ್ನ ಚಿತ್ರ ಎಂದ ಕೂಡಲೇ ಎಲ್ಲರ ಕಣ್ಣು ಮೈ ಮೇಲೆ ಹೋಗುತ್ತದೆ. ನಾನು ಮೊದಲು ಬಟ್ಟೆ ಹುಡುಕುತ್ತೇನೆ. ನಗಬೇಡಿ, ಕಾರಣ ಇದೆ.

1853. ಪ್ಯಾರಿಸ್ಸಿನ ಸಲೂನ್, ಅಂದರೆ ಆ ಕಾಲದ ಅತಿ ದೊಡ್ಡ ಚಿತ್ರ ಪ್ರದರ್ಶನ. ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೂರ್ಬೆ ಅಲ್ಲಿ ‘ಸ್ನಾನಕ್ಕೆ ಬಂದವರು’ ಎಂಬ ಚಿತ್ರ ಇಟ್ಟ. ಎರಡು ಮೀಟರಿಗಿಂತ ಎತ್ತರದ ಕ್ಯಾನ್ವಾಸ್. ಕಾಡಿನೊಳಗೆ ಒಂದು ಸಣ್ಣ ನೀರಿನ ಗುಂಡಿ. ದಪ್ಪ ಮೈಯ ಹೆಂಗಸೊಬ್ಬಳು ನಮಗೆ ಬೆನ್ನು ಹಾಕಿ ನೀರಿನಿಂದ ಮೇಲೆ ಬರುತ್ತಿದ್ದಾಳೆ. ಸೊಂಟದ ಕೆಳಗೆ ಒಂದು ತುಂಡು ಬಿಳಿ ಬಟ್ಟೆ, ಅಷ್ಟೇ. ಜೊತೆಗಾತಿ ನೆಲದ ಮೇಲೆ ಕೂತು ಕಾಲುಚೀಲ ಬಿಚ್ಚುತ್ತಿದ್ದಾಳೆ. ಕಳಚಿದ ಬಟ್ಟೆ ಮರದ ಕೊಂಬೆಯಲ್ಲಿ ನೇತಾಡುತ್ತಿದೆ.

ಗಲಾಟೆಯೋ ಗಲಾಟೆ. ಚಕ್ರವರ್ತಿ ಮೂರನೇ ನೆಪೋಲಿಯನ್ ಚಾಟಿಯಿಂದ ಚಿತ್ರಕ್ಕೇ ಹೊಡೆದ ಅನ್ನೋ ಕತೆ ಈಗಲೂ ಓಡಾಡುತ್ತದೆ. ಹೊಡೆದನೋ ಬಿಟ್ಟನೋ, ಹತ್ತು ವರ್ಷದ ನಂತರ ಅದೇ ಮಹಾರಾಯ ಕಬನೆಲ್ ಬರೆದ ‘ವೀನಸ್ ಜನನ’ವನ್ನು ಕೊಂಡ! ಅದರಲ್ಲಿ ವೀನಸ್ ಅಲೆಯ ಮೇಲೆ ಮೈ ಚಾಚಿ ಮಲಗಿದ್ದಾಳೆ. ಮೈಮೇಲೆ ಚೂರೂ ಬಟ್ಟೆ ಇಲ್ಲ. ನನ್ನನ್ನು ಕೇಳಿದರೆ ಎರಡರಲ್ಲಿ ಜಾಸ್ತಿ ಕೆಣಕುವುದು ಅವಳೇ.

ಆದರೆ ವೀನಸ್ ಬಟ್ಟೆ ಬಿಚ್ಚಿದವಳಲ್ಲ. ಅವಳಿಗೆ ಬಟ್ಟೆಯೇ ಇರಲಿಲ್ಲ, ದೇವತೆ ಅಲ್ವಾ? ಕೂರ್ಬೆಯ ಹೆಂಗಸು ಅದನ್ನು ಕೊಂಬೆಗೆ ಹಾಕಿ ಬಂದವಳು. ಇನ್ನೊಂದು ಗಳಿಗೆಗೆ ಉಟ್ಟುಕೊಂಡು ಮನೆಗೆ ಹೋಗುತ್ತಾಳೆ. ಪುರಾಣದ ಮುಸುಕು ತೆಗೆದ ಮೇಲೆ ನೋಡುವವನಿಗೆ ನೆಪ ಉಳಿಯಲಿಲ್ಲ. ಸಲೂನಿಗೆ ಬಂದವರಿಗೆ ಸಿಟ್ಟು ತರಿಸಿದ್ದು ಆ ದಪ್ಪ ಮೈಯಷ್ಟೇ ಅಲ್ಲ, ಇದೂ ಹೌದು ಅಂತ ನನ್ನ ವಾದ.

ಹಾಗಂತ ಚಿತ್ರ ಪೂರ್ತಿ ಗೆದ್ದಿದೆಯಾ? ಇಲ್ಲ. ಚಿತ್ರಕಾರ ದೆಲಕ್ರುವಾ ತನ್ನ ದಿನಚರಿಯಲ್ಲಿ ಇದನ್ನು ಸರಿಯಾಗಿ ಜಾಡಿಸಿದ್ದಾನೆ. ಆ ಗುಂಡಿಯ ನೀರು ಕಾಲು ತೊಳೆಯಲಿಕ್ಕೂ ಸಾಲದು, ಇಬ್ಬರೂ ಕೈಸನ್ನೆಯಲ್ಲಿ ಏನು ಮಾತಾಡುತ್ತಿದ್ದಾರೋ ತಿಳಿಯದು, ಆಕೃತಿಗಳಿಗೂ ಹಿಂದಿನ ಕಾಡಿಗೂ ಸಂಬಂಧವೇ ಇಲ್ಲ ಎಂದ. ಬೈಗುಳದಲ್ಲಿ ಸ್ವಲ್ಪ ಮಡಿವಂತಿಕೆ ಇದೆ, ಬಿಡಿ. ಕಾಡಿನ ಮಾತು ಮಾತ್ರ ನಿಜ. ಆ ಮೈ ಸ್ಟುಡಿಯೋದಲ್ಲಿ ನಿಂತ ಮೈ. ಮರದ ನೆರಳು ಅದರ ಮೇಲೆ ಬಿದ್ದೇ ಇಲ್ಲ.

ಮೈಯೂ ಸುತ್ತಲಿನ ಜಾಗವೂ ಕೂಡಿಬಂದದ್ದು ಕೂರ್ಬೆಯದೇ 1868ರ ‘ಅಲೆಗಳಲ್ಲಿ ಹೆಣ್ಣು’ ಚಿತ್ರದಲ್ಲಿ. ಚಿಕ್ಕ ಚಿತ್ರ. ಅವಳು ಅರ್ಧ ನೀರಿನಲ್ಲಿದ್ದಾಳೆ, ಕೈಗಳು ತಲೆಯ ಮೇಲೆ. ನೊರೆ ಮೈಗೆ ತಾಗುವ ಕಡೆ ಬಣ್ಣ ಒರಟಾಗಿದೆ, ಮೈ ಮಾತ್ರ ನುಣುಪು. ಕೊಂಬೆಯಲ್ಲಿ ಬಟ್ಟೆ ಇಲ್ಲ ನಿಜ, ಆದರೆ ಕಂಕುಳಲ್ಲಿ ಕೂದಲಿದೆ. ವೀನಸ್‌ಗೆ ಯಾರೂ ಅದನ್ನು ಬರೆಯುತ್ತಿರಲಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಜಾಲತಾಣದಲ್ಲಿ ಚಿತ್ರ ಇದೆ, ದೊಡ್ಡದು ಮಾಡಿ ನೋಡಿ. ಕಬನೆಲ್‌ನದೇ ಚೆಂದ ಅನ್ನುವವರು ಕಾಮೆಂಟಿಗೆ ಬನ್ನಿ, ಜಗಳ ಆಡೋಣ.