ಹಡಗು ರದ್ದು ಮಾಡೋರು ಒಬ್ಬರು, ದಂಡ ಕಟ್ಟೋರು ಇನ್ನೊಬ್ಬರು

ನಮಸ್ಕಾರ. ಕಂಟೇನರ್ ಬುಕ್ ಮಾಡಿ ಕೊನೇ ಗಳಿಗೆಯಲ್ಲಿ ನೀವು ಬೇಡ ಅಂದರೆ, ಹಡಗು ಕಂಪನಿ ಸಾಮಾನ್ಯವಾಗಿ ನಿಮ್ಮಿಂದ ಡೆಡ್ ಫ್ರೈಟ್, ಅಂದರೆ ಖಾಲಿ ಉಳಿದ ಜಾಗದ ಬಾಡಿಗೆ, ವಸೂಲಿ ಮಾಡುತ್ತೆ. ಅದೇ ಕಂಪನಿ ಹಡಗನ್ನೇ ರದ್ದು ಮಾಡಿದರೆ ನಿಮಗೆ ಬರೋದು ಒಂದು ಇಮೇಲ್, ಅಷ್ಟೇ. ಈ ಅನ್ಯಾಯವನ್ನ ನಮ್ಮ ರಫ್ತುದಾರರು ಮಳೆ-ಬಿಸಿಲಿನ ಹಾಗೆ ಸಹಿಸಿಕೊಂಡಿದ್ದಾರೆ. ಸಹಿಸಬಾರದು ಅಂತ ನಾನು ಹೇಳ್ತೀನಿ.

ಹೀಗೆ ಹಡಗು ರದ್ದು ಮಾಡೋದಕ್ಕೆ ಬ್ಲ್ಯಾಂಕ್ ಸೇಲಿಂಗ್ ಅಂತಾರಲ್ಲ, ಅದರಲ್ಲಿ ಎರಡು ಬಗೆ. ಒಂದು, ಆ ವಾರದ ಹಡಗು ಹೊರಡೋದೇ ಇಲ್ಲ. ಇನ್ನೊಂದು, ಹಡಗು ಹೊರಡುತ್ತೆ, ಆದರೆ ನಿಮ್ಮ ಬಂದರನ್ನ ಬಿಟ್ಟು ಮುಂದೆ ಹೋಗುತ್ತೆ.

ಕಾರಣಗಳಲ್ಲಿ ಕೆಲವು ನ್ಯಾಯವಾದವೇ. 2023ರ ಡಿಸೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರ ದಾಳಿಗೆ ಹೆದರಿ ದೊಡ್ಡ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗೋಕೆ ಶುರು ಮಾಡಿದವು. ಹೋಗಿ ಬರೋಕೆ 12 ವಾರ ಹಿಡಿಯೋ ಮಾರ್ಗಕ್ಕೆ, ವಾರಕ್ಕೊಂದರಂತೆ 12 ಹಡಗು ಬೇಕು. ಸುತ್ತು 14 ವಾರಕ್ಕೆ ಹಿಗ್ಗಿತು ಅಂದರೆ 14 ಹಡಗು ಬೇಕು. ಇರೋದು 12 ಮಾತ್ರ ಆದರೆ, ಪ್ರತಿ 14 ವಾರದಲ್ಲಿ 2 ವಾರ ಹಡಗೇ ಇಲ್ಲ. ಇಲ್ಲಿ ಯಾರನ್ನೂ ದೂರೋ ಹಾಗಿಲ್ಲ.

ಆದರೆ ಬೇಡಿಕೆ ಇಳಿದಾಗ ಬಾಡಿಗೆ ದರ ಕುಸಿಯದಂತೆ ಹಡಗು ನಿಲ್ಲಿಸೋದು ಬೇರೆ ವಿಷಯ. ಅದು ಲೆಕ್ಕ ಹಾಕಿ ತಗೊಂಡ ತೀರ್ಮಾನ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾ ಸರಕಿನ ಮೇಲೆ 145% ಸುಂಕ ಹಾಕಿದಾಗ ಪೆಸಿಫಿಕ್ ಮಾರ್ಗದ ಹಡಗುಗಳನ್ನ ಸಾಲಾಗಿ ರದ್ದು ಮಾಡಿದರು. ಮೇ 12ಕ್ಕೆ ಸುಂಕವನ್ನ 30%ಗೆ ಇಳಿಸ್ತೀವಿ ಅಂತ ಘೋಷಣೆ ಬಂತು, ಸರಕು ಒಮ್ಮೆಲೇ ನುಗ್ಗಿತು. ತೆಗೆದ ಹಡಗು ಅಷ್ಟು ಬೇಗ ಜಾಗಕ್ಕೆ ವಾಪಸ್ ಬರಲಿಲ್ಲ, ದರ ಜಿಗೀತು.

ಈಗ ನಮ್ಮ ಕಾಫಿಗೆ ಬನ್ನಿ. ಕುಶಾಲನಗರದಲ್ಲೋ ಹಾಸನದಲ್ಲೋ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ವಿಂಗಡಿಸೋದು) ಆದ ಬೀಜ ಪಣಂಬೂರಿನ ನವಮಂಗಳೂರು ಬಂದರಿಗೆ ಇಳಿಯುತ್ತೆ ಅಂದುಕೊಳ್ಳಿ. 20 ಅಡಿಯ ಕಂಟೇನರಿಗೆ 60 ಕಿಲೋದ 320 ಚೀಲ, ಅಂದರೆ 19.2 ಟನ್. ಇಟಲಿಗೆ ಹೋಗೋ ಪೆಟ್ಟಿಗೆ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಹೋಗಿ, ಅಲ್ಲಿ ದೂರ ಪ್ರಯಾಣದ ದೊಡ್ಡ ಹಡಗು, ಅಂದರೆ ಮದರ್ ವೆಸೆಲ್, ಹತ್ತಬೇಕು. ರದ್ದಾಗೋದು ಹೆಚ್ಚಾಗಿ ಮದರ್ ವೆಸೆಲ್. ಫೀಡರ್ ಸರಿಯಾಗಿ ಹೊರಟಿತು ಅಂತ ನೀವು ನೆಮ್ಮದಿಯಾಗಿರ್ತೀರಿ, ಪೆಟ್ಟಿಗೆ ಕೊಲಂಬೊ ಯಾರ್ಡಿನಲ್ಲಿ ಕೂತಿರುತ್ತೆ. ಮುಂದಿನ ವಾರದ ಹಡಗಿಗೆ ಆ ವಾರದ ಸರಕೂ ಇದೆ, ಈ ವಾರದ ಬಾಕಿಯೂ ಇದೆ. ಅಲ್ಲಿ ರೋಲ್ ಓವರ್ ಆಗೋದು, ಅಂದರೆ ಇನ್ನೂ ಮುಂದಿನ ಹಡಗಿಗೆ ತಳ್ಳಿಬಿಡೋದು, ಹೆಚ್ಚಾಗಿ ಸಣ್ಣ ರಫ್ತುದಾರನ ಪೆಟ್ಟಿಗೆ, ದೊಡ್ಡ ಕಾಂಟ್ರಾಕ್ಟ್ ಇರೋರದ್ದಲ್ಲ.

ನಷ್ಟ ಎಷ್ಟು? ಕಿಲೋಗೆ 400 ರೂಪಾಯಿ ಅಂತ ಹಿಡಿದರೆ ಆ ಒಂದು ಪೆಟ್ಟಿಗೆಯಲ್ಲಿ 76.8 ಲಕ್ಷದ ಮಾಲು. ರಫ್ತಿಗೆ ಮುಂಚೆ ಬ್ಯಾಂಕ್ ಕೊಡೋ ಪ್ಯಾಕಿಂಗ್ ಕ್ರೆಡಿಟ್ ಸಾಲಕ್ಕೆ 10% ಬಡ್ಡಿ ಅಂದರೆ ಎರಡು ವಾರಕ್ಕೆ ಸುಮಾರು 29,500 ರೂಪಾಯಿ. ಪೆಟ್ಟಿಗೆ ಇಲ್ಲೇ ಸಿಕ್ಕಿಬಿದ್ದರೆ ಯಾರ್ಡಿನ ನೆಲಬಾಡಿಗೆ, ಡಿಟೆನ್ಶನ್ (ಪೆಟ್ಟಿಗೆ ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ಶುಲ್ಕ) ಬೇರೆ. ಖರೀದಿದಾರನ ಬ್ಯಾಂಕ್ ಹಣಕ್ಕೆ ಖಾತರಿ ಕೊಡೋ ಪತ್ರದಲ್ಲಿ, ಅಂದರೆ ಎಲ್‌ಸಿಯಲ್ಲಿ, ಬರೆದ ಶಿಪ್‌ಮೆಂಟಿನ ಕೊನೇ ದಿನ ದಾಟಿತೋ, ಖರೀದಿದಾರ ಒಪ್ಪಿ ತಿದ್ದುಪಡಿ ಮಾಡಿಸಬೇಕು. ಮಾರುಕಟ್ಟೆ ಇಳಿದಿದ್ದರೆ ಅವನು ದರ ಕಡಿಮೆ ಮಾಡಿ ಅಂತಾನೆ. ಬಿಲ್ ಆಫ್ ಲೇಡಿಂಗಿನ (ಹಡಗು ಕಂಪನಿ ಮಾಲಿಗೆ ಕೊಡೋ ರಸೀದಿಯ) ತಾರೀಖು ಹಿಂದಕ್ಕೆ ಹಾಕಿಸೋಣ ಅನ್ನೋರ ಮಾತು ಕೇಳಬೇಡಿ, ಅದು ವಂಚನೆ.

ಇನ್ನು ತೇವ. 12% ತೇವಾಂಶದ 19.2 ಟನ್ ಬೀಜದಲ್ಲಿ 2.3 ಟನ್ ನೀರಿದೆ. ಹಗಲು ಕಾದ ಕಬ್ಬಿಣದ ಛಾವಣಿ ರಾತ್ರಿ ತಣ್ಣಗಾದಾಗ ಆವಿ ಹನಿಯಾಗಿ ಮೇಲಿನ ಚೀಲಗಳ ಮೇಲೆ ಬೀಳುತ್ತೆ. ಬೂಷ್ಟು ಹಿಡಿಯೋದು ಅಲ್ಲಿಂದಲೇ. ಕ್ರಾಫ್ಟ್ ಪೇಪರ್ ಹೊದಿಸಿ, ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತೂಗಿಹಾಕ್ತೀರಿ ಸರಿ, ಅವು ಹೀರೋದು ಒಂದು ಮಿತಿವರೆಗೆ. ಪ್ರಯಾಣದ ದಿನಕ್ಕೆ ಮಾತ್ರ ಲೆಕ್ಕ ಹಾಕಬೇಡಿ, ಎರಡು ವಾರ ಹೆಚ್ಚಿಗೆ ಹಿಡೀರಿ.

ಯಾರೂ ಗಮನಿಸದ ಇನ್ನೊಂದು ಪೆಟ್ಟು ಖಾಲಿ ಕಂಟೇನರಿನದು. ಚೀನಾ ಹೊಸ ವರ್ಷಕ್ಕೆ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ, ಅಲ್ಲಿನ ಫ್ಯಾಕ್ಟರಿಗಳು ಮುಚ್ಚಿ ಹಡಗುಗಳು ರದ್ದಾಗ್ತವೆ. ಆಗ ಭಾರತಕ್ಕೆ ಬರೋ ಪೆಟ್ಟಿಗೆಗಳೂ ಕಡಿಮೆ. ಅದರ ಬಿಸಿ ತಟ್ಟೋದು ಕೆಲವು ವಾರ ಕಳೆದ ಮೇಲೆ, ಅಂದರೆ ರೋಬಸ್ಟಾ ಕೊಯ್ಲು ಮುಗಿದು ನಮ್ಮ ರಫ್ತು ಜೋರಾಗಿರೋ ಹೊತ್ತಿಗೆ ಸರಿಯಾಗಿ. ಕಾಫಿಗೆ ವಾಸನೆ, ತೂತು, ತುಕ್ಕು ಇಲ್ಲದ ಫುಡ್ ಗ್ರೇಡ್ ಪೆಟ್ಟಿಗೆಯೇ ಬೇಕು. ಕೊರತೆ ಇದ್ದಾಗ ಮೊದಲು ಮುಗಿಯೋದು ಅದೇ.

ಅದಕ್ಕೇ ಬುಕಿಂಗ್ ಮಾಡುವಾಗ ಫಾರ್ವರ್ಡರ್ (ಸಾಗಣೆ ಏಜೆಂಟ್) ಹತ್ತಿರ ಫೀಡರ್ ಹೆಸರಿನ ಜೊತೆ ಮದರ್ ವೆಸೆಲ್ ಹೆಸರು, ವಾಯೇಜ್ ನಂಬರ್ (ಆ ಯಾನದ ಸಂಖ್ಯೆ) ಎರಡನ್ನೂ ಬರಹದಲ್ಲಿ ತಗೊಳ್ಳಿ. ಸ್ಟಫಿಂಗ್‌ಗೆ, ಅಂದರೆ ಪೆಟ್ಟಿಗೆಗೆ ಮಾಲು ತುಂಬೋದಕ್ಕೆ, ಮುಂಚೆ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ; ಪೆಟ್ಟಿಗೆಗಿಂತ ಗೋಡೌನಿನಲ್ಲೇ ಬೀಜ ಸುರಕ್ಷಿತ. ಎಲ್‌ಸಿಗೆ ಕೊನೇ ದಿನ ಬರೆಸುವಾಗ ಮೂರು ವಾರ ಬಿಡುವು ಕೇಳಿ. ಸಾಧ್ಯವಾದರೆ ಎಫ್‌ಒಬಿ ಅನ್ನೋ ಮಾರಾಟದ ಷರತ್ತು ಬಿಟ್ಟು ಎಫ್‌ಸಿಎ ಅನ್ನೋ ಷರತ್ತಿನ ಮೇಲೆ ಮಾರಿ. ಎಫ್‌ಒಬಿಯಲ್ಲಿ ಮಾಲು ಹಡಗು ಹತ್ತೋವರೆಗೂ ಹೊಣೆ ನಿಮ್ಮದು. ಎಫ್‌ಸಿಎಯಲ್ಲಿ, ಒಪ್ಪಿದ ಜಾಗದಲ್ಲಿ ಖರೀದಿದಾರ ಗೊತ್ತುಮಾಡಿದ ಸಾಗಣೆದಾರನ ಕೈಗೆ ಒಪ್ಪಿಸಿದರೆ ಹೊಣೆ ಮುಗೀತು. ಎಲ್‌ಸಿ ಇದ್ದರೆ ಆನ್ ಬೋರ್ಡ್ ಬಿಲ್ (ಮಾಲು ಹಡಗು ಹತ್ತಿದೆ ಅನ್ನೋ ಬಿಲ್ ಆಫ್ ಲೇಡಿಂಗ್) ಕೊಡಿಸೋ ಷರತ್ತನ್ನ 2020ರ ಇನ್‌ಕೋಟರ್ಮ್ಸ್ (ಮಾರಾಟ ಷರತ್ತುಗಳ ಅಂತರರಾಷ್ಟ್ರೀಯ ನಿಯಮ) ಪ್ರಕಾರ ಒಪ್ಪಂದದಲ್ಲೇ ಸೇರಿಸಿ.

ಆದರೆ ಎಲ್ಲ ಎಚ್ಚರವೂ ರಫ್ತುದಾರನದ್ದೇ ಯಾಕಾಗಬೇಕು? ಎರಡೂ ಕಡೆಗೆ ದಂಡ ಇಡೋದು ಅಸಾಧ್ಯ ಅನ್ನೋ ವಾದ ನಿಲ್ಲೋದಿಲ್ಲ. ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ತನ್ನ ಸ್ಪಾಟ್ ಬುಕಿಂಗ್‌ನಲ್ಲಿ (ಆ ಹೊತ್ತಿನ ದರದ ಬುಕಿಂಗ್), ಗ್ರಾಹಕ ತಪ್ಪಿಸಿದರೆ ದಂಡ, ತಾನು ಪೆಟ್ಟಿಗೆ ಹತ್ತಿಸದಿದ್ದರೆ ಪರಿಹಾರ ಅನ್ನೋ ಪದ್ಧತಿಯನ್ನ ತಂದಿದೆ. ಇನ್ನು ಕಂಪನಿಗಳು ಹಡಗು ಹಂಚಿಕೊಂಡು ಓಡಿಸೋ ಒಪ್ಪಂದಗಳಿಗೆ ಸ್ಪರ್ಧಾ ಕಾನೂನಿನಿಂದ ಯುರೋಪ್ ಕೊಟ್ಟಿದ್ದ ವಿಶೇಷ ವಿನಾಯಿತಿ 2024ರ ಏಪ್ರಿಲ್ 25ಕ್ಕೆ ಮುಗೀತು. ನಮ್ಮ ಕೇಂದ್ರ ಸರ್ಕಾರವೂ, ಸ್ಪರ್ಧೆಗೆ ಧಕ್ಕೆ ತರೋ ಒಪ್ಪಂದಗಳನ್ನ ತಡೆಯೋ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್‌ನಿಂದ ಇಂಥ ಒಪ್ಪಂದಗಳಿಗೆ ಹಲವು ಸಲ ವಿನಾಯಿತಿ ಕೊಟ್ಟಿದೆ. ಕೊಡಲಿ, ಹಡಗು ಹಂಚಿಕೊಳ್ಳೋದರಿಂದ ಉಪಯೋಗವೂ ಇದೆ. ಆದರೆ ಎರಡು ಷರತ್ತು ಹಾಕಿ ಕೊಡಲಿ: ರದ್ದು ಮಾಡೋದಾದರೆ 21 ದಿನ ಮುಂಚೆ ತಿಳಿಸಬೇಕು, ಅದಕ್ಕಿಂತ ತಡವಾಗಿ ತಿಳಿಸಿದರೆ, ಮುಂದಿನ ಹಡಗು ಹತ್ತೋವರೆಗಿನ ನೆಲಬಾಡಿಗೆ, ಡಿಟೆನ್ಶನ್ ಎಲ್ಲವನ್ನೂ ಕಂಪನಿಯೇ ಹೊರಬೇಕು.